ಕರುಣೆ ಬೇಡ, ಬೆಂಚ್ ಕೊಡಿ

1/10
ನಿಮ್ಮ ಹಳೇ ಕ್ಲಾಸ್ ಫೋಟೋ ಒಂದನ್ನ ತೆಗೆದು ನೋಡಿ. ಕಾನ್ವೆಂಟಲ್ಲೋ ಮಿಷನ್ ಶಾಲೆಯಲ್ಲೋ ಓದಿದವರಾದ್ರೆ ಮನೇಲಿ ಒಂದಾದ್ರೂ ಇರತ್ತೆ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಟೀಚರ್‌ಗಳು, ಮಧ್ಯೆ ಸಿಸ್ಟರೋ ಫಾದರೋ, ಹಿಂದೆ ಎತ್ತರದ ಪ್ರಕಾರ ನಿಲ್ಲಿಸಿದ ಐವತ್ತು ಮಕ್ಕಳು.

ಈಗ ಎಣಿಸಿ. ಗಾಲಿಕುರ್ಚಿಯಲ್ಲಿ ಕೂತ ಮಗು ಎಷ್ಟು? ಕಿವಿಗೆ ಮೆಷಿನ್ ಹಾಕಿಕೊಂಡಿದ್ದು? ಡೌನ್ ಸಿಂಡ್ರೋಮ್ ಇದ್ದದ್ದು?

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಆಟಿಸಂ, ಕಲಿಕಾ ನ್ಯೂನತೆಗಳನ್ನ ಆ ಗಣತಿ ಬೇರೆಯಾಗಿ ಲೆಕ್ಕ ಹಾಕಿರಲೇ ಇಲ್ಲ. ಇವರೆಲ್ಲ ಒಂದು ಕಾಲಕ್ಕೆ ಮಕ್ಕಳಾಗಿದ್ದವರೇ. ಹಾಗಾದ್ರೆ ನಮ್ಮ ಫೋಟೋದಲ್ಲಿ ಯಾಕಿಲ್ಲ?

ಅವರು ಹುಟ್ಟಿರಲಿಲ್ಲ ಅಂತಲ್ಲ. ಗೇಟಿನ ಒಳಗೆ ಬಂದಿರಲಿಲ್ಲ.

ಇದನ್ನ ಹೊರಗೆ ನಿಂತು ಬರೀತಿಲ್ಲ. ಭಾನುವಾರ ಬೆಳಿಗ್ಗೆ ನಿಮ್ಮ ಪಕ್ಕದ ಬೆಂಚಲ್ಲೇ ಕೂರೋಳು ನಾನು. ಅದಕ್ಕೇ ಸ್ವಲ್ಪ ಖಾರವಾಗೇ ಬರೀತೀನಿ. ಪೂರ್ತಿ ಓದಿ, ಆಮೇಲೆ ಬೈಯ್ರಿ.

2/10
ಮೊದಲು, "ಇಲ್ಲ" ಅನ್ನೋದು ಹೇಗೆ ನಡೆಯತ್ತೆ ಅಂತ ನೋಡೋಣ. ನಮ್ಮ ಶಾಲೆಗಳಲ್ಲಿ ಯಾರೂ ಬಾಯಿ ಬಿಟ್ಟು ಇಲ್ಲ ಅನ್ನಲ್ಲ. ನಾವು ಸಭ್ಯಸ್ಥರು.

"ನಮ್ಮಲ್ಲಿ ಫೆಸಿಲಿಟಿ ಇಲ್ಲಮ್ಮ, ನಿಮ್ಮ ಮಗುವಿಗೇ ಕಷ್ಟ ಆಗತ್ತೆ."
"ಟೀಚರ್‌ಗಳಿಗೆ ಟ್ರೈನಿಂಗ್ ಆಗಿಲ್ಲ."
"ಸೀಟು ಈಗಷ್ಟೇ ಮುಗೀತು."
ಕೊನೆಗೆ, ಎದ್ದು ಹೊರಡುವಾಗ: "ನಿಮ್ಮ ಮಗುವಿಗೋಸ್ಕರ ನಾವು ಪ್ರಾರ್ಥನೆ ಮಾಡ್ತೀವಿ."

ಈ ಕೊನೇ ಮಾತು ಕೇಳಿಸಿಕೊಂಡು ಹೊರಗೆ ಬಂದ ಅಮ್ಮಂದಿರನ್ನ ನಾನು ಬಲ್ಲೆ. ಅವರಿಗೆ ಬೇಕಿದ್ದದ್ದು ಅಪ್ಲಿಕೇಶನ್ ಫಾರಂ.

ಇದೆಲ್ಲ ಬಾಯಿಮಾತಲ್ಲೇ ಮುಗಿಯತ್ತೆ, ಕಾಗದದ ಮೇಲೆ ಏನೂ ಬರಲ್ಲ. ನಿರಾಕರಿಸಿದ್ದಕ್ಕೆ ಸಾಕ್ಷಿಯೂ ಇರಲ್ಲ.

ಇನ್ನೊಂದು "ಇಲ್ಲ" ಇದೆ. ಅದು ನಿಧಾನದ್ದು. ಎಲ್‌ಕೆಜಿಗೆ ಸೇರಿಸಿಕೊಳ್ತಾರೆ. ಮೂರನೇ ಕ್ಲಾಸಿಗೆ ಬರೋ ಹೊತ್ತಿಗೆ ಡೈರಿ ತುಂಬಾ ಕೆಂಪು ಶಾಯಿ. ಏಳನೇ ಕ್ಲಾಸಿಗೆ "ಬೇರೆ ಕಡೆ ನೋಡಿಕೊಳ್ಳಿ." ಎಸ್ಸೆಸ್ಸೆಲ್ಸಿ ಹತ್ತಿರ ಬಂದ ಹಾಗೆ ಟಿಸಿ ತಗೊಳ್ಳೋಕೆ ಮೆತ್ತಗೆ ಒತ್ತಡ. ಆಮೇಲೆ ಗೇಟಿನ ಮೇಲೆ ನೂರಕ್ಕೆ ನೂರು ಫಲಿತಾಂಶದ ಬ್ಯಾನರ್. ಆ ನೂರರಲ್ಲಿ ಯಾರನ್ನ ಕಳೆದು ಲೆಕ್ಕ ಹಾಕಿದ್ರು ಅಂತ ಬ್ಯಾನರ್ ಹೇಳಲ್ಲ.

3/10
"ನಮ್ಮದು ಅಲ್ಪಸಂಖ್ಯಾತ ಸಂಸ್ಥೆ, ನಮಗೆ ಆ ಕಾನೂನು ಅನ್ವಯಿಸಲ್ಲ." ಈ ಮಾತು ತುಂಬಾ ಕಡೆ ಕೇಳಿರ್ತೀರಿ. ಅರ್ಧ ನಿಜ. ಆ ಅರ್ಧ ಯಾವುದು ಅಂತ ತಿಳ್ಕೊಳ್ಳಿ.

ಸಂವಿಧಾನದ 30ನೇ ವಿಧಿ ನಮ್ಮಂಥವರಿಗೆ ಸ್ವಂತ ಶಾಲೆ ಕಟ್ಟಿ ನಡೆಸೋ ಹಕ್ಕು ಕೊಟ್ಟಿದೆ. 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, 2009ರ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸಲ್ಲ ಅಂತ ತೀರ್ಪು ಕೊಟ್ಟಿತು. ಅನುದಾನಿತವೋ ಅಲ್ಲವೋ, ಎರಡಕ್ಕೂ. ಹಾಗಾಗಿ ಶೇ. 25 ಸೀಟಿನ ನಿಯಮ ನಮಗಿಲ್ಲ. ಸೇರಿಸಿಕೊಳ್ಳೋವಾಗ ಮಗುವನ್ನ ಪರೀಕ್ಷೆ ಮಾಡಬಾರದು ಅನ್ನೋ ಆ ಕಾಯ್ದೆಯ ನಿಯಮವೂ ಇಲ್ಲ. (2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಈ ತೀರ್ಪಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠ ನೋಡಲಿ ಅಂತ ಕಳಿಸಿದೆ.)

ಇನ್ನರ್ಧ ಇಲ್ಲಿದೆ. ಆ ತೀರ್ಪು ಶಿಕ್ಷಣ ಹಕ್ಕು ಕಾಯ್ದೆಯ ಬಗ್ಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬೇರೆ. 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ 16ನೇ ಸೆಕ್ಷನ್ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರೋ ಎಲ್ಲಾ ಶಿಕ್ಷಣ ಸಂಸ್ಥೆಗಳ ಬಗ್ಗೆ ಮಾತಾಡತ್ತೆ. ತಾರತಮ್ಯ ಇಲ್ಲದೆ ಸೇರಿಸಿಕೊಳ್ಳೋದು, ಕಟ್ಟಡದೊಳಗೆ ಓಡಾಡೋಕೆ ಆಗೋ ಹಾಗೆ ಮಾಡೋದು, ಆಯಾ ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡೋದು, ಕಲಿಕಾ ನ್ಯೂನತೆಯನ್ನ ಬೇಗ ಗುರುತಿಸೋದು, ಎಲ್ಲಾ ಅದರಲ್ಲಿದೆ. "ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟು" ಅನ್ನೋ ಸಾಲು ಅಲ್ಲಿಲ್ಲ.

ಗೋಡೆ ಮೇಲೆ ಮಾನ್ಯತೆ ಪತ್ರ ತೂಗುಹಾಕಿದ ಶಾಲೆ ಈ ಸೆಕ್ಷನ್ ನಮಗಲ್ಲ ಅನ್ನೋ ಹಾಗಿಲ್ಲ.

4/10
ಈಗ ನಮ್ಮದೇ ಚರಿತ್ರೆ.

1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ್ರು. ಕೆಲವೇ ವರ್ಷಕ್ಕೆ ಧಾರವಾಡ, ಹುಬ್ಬಳ್ಳಿ ಕಡೆಗೂ ಹೋದ್ರು. ಹೋದಲ್ಲೆಲ್ಲ ಶಾಲೆ. ಅಕ್ಷರ ಯಾರಿಗೆ ಅಂತ ಊರೇ ತೀರ್ಮಾನ ಮಾಡಿದ್ದ ಕಾಲ ಅದು. ಹೆಣ್ಣುಮಕ್ಕಳಿಗೆ ಬೇಡ, ಕೆಳಜಾತಿಯವರಿಗೆ ಬೇಡ. ಮಿಷನ್ ಶಾಲೆಗಳ ಹೆಸರು ಉಳಿದಿದ್ದು ಈ "ಬೇಡ"ಗಳನ್ನ ಮೀರಿದ್ದರಿಂದ.

ಅದೇ ಧಾರವಾಡದಲ್ಲಿ 1856ರಲ್ಲಿ ಮಹಾರ್ ಜಾತಿಯ ಒಬ್ಬ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಕೇಳಿದ. ಮುಂಬೈ ಸರ್ಕಾರ ಆಗಲ್ಲ ಅಂತು. ಕಾರಣ ಏನು ಗೊತ್ತಾ? ಹುಡುಗನ ಕಡೆ ನ್ಯಾಯ ಇಲ್ಲ ಅಂತ ಅವರು ಹೇಳಲಿಲ್ಲ. ಇವನೊಬ್ಬನಿಗೋಸ್ಕರ ಉಳಿದವರೆಲ್ಲ ಬಿಟ್ಟು ಹೋದ್ರೆ ಶಾಲೆಯೇ ಯಾರಿಗೂ ಉಪಯೋಗಕ್ಕೆ ಬರದ ಹಾಗಾಗತ್ತೆ ಅನ್ನೋದು ಅವರ ವಾದ. ಡಾ. ಅಂಬೇಡ್ಕರ್ ಈ ಪ್ರಕರಣವನ್ನ ತಮ್ಮ ಬರವಣಿಗೆಯಲ್ಲಿ ಎತ್ತಿ ತೋರಿಸಿದ್ದಾರೆ.

ಈ ವಾದ ಎಲ್ಲೋ ಕೇಳಿದ ಹಾಗಿದೆ ಅಲ್ವಾ? "ಒಂದು ಮಗುವಿಗೋಸ್ಕರ ಉಳಿದ ನಲವತ್ತೊಂಬತ್ತು ಮಕ್ಕಳಿಗೆ ತೊಂದರೆ ಕೊಡೋಕಾಗತ್ತಾ?" ಅಂತ ನಮ್ಮ ಪಿಟಿಎ ಮೀಟಿಂಗ್‌ಗಳಲ್ಲಿ ಇವತ್ತೂ ಕೇಳ್ತಾರೆ. ಸುಮಾರು 170 ವರ್ಷ ಆಯ್ತು, ವಾದ ಮಾತ್ರ ಹಾಗೇ ಇದೆ. ಅವತ್ತು ಆ ವಾದಕ್ಕೆ ಎದುರು ನಿಂತವರ ಹೆಸರು ಹೇಳಿಕೊಂಡು ನಾವು ಶಾಲೆ ನಡೆಸ್ತಿದ್ದೀವಿ. ವಾರ್ಷಿಕೋತ್ಸವದಲ್ಲಿ ಸಂಸ್ಥಾಪಕರ ಫೋಟೋಗೆ ಹಾರ ಹಾಕ್ತೀವಿ.

ಇನ್ನೊಂದು: ಭಾರತದಲ್ಲಿ ಅಂಧ ಮಕ್ಕಳಿಗೆ ಮೊದಲ ಶಾಲೆ ಶುರುವಾಗಿದ್ದು 1887ರಲ್ಲಿ, ಅಮೃತಸರದಲ್ಲಿ. ಶುರು ಮಾಡಿದವರು ಆನಿ ಶಾರ್ಪ್ ಅನ್ನೋ ಮಿಷನರಿ ಮಹಿಳೆ. ಅವತ್ತು ಸರ್ಕಾರದ ಆದೇಶ ಇರಲಿಲ್ಲ, ಕಾಯ್ದೆ ಇರಲಿಲ್ಲ, ಅನುದಾನ ಇರಲಿಲ್ಲ. "ಫೆಸಿಲಿಟಿ" ಅಂತೂ ಖಂಡಿತ ಇರಲಿಲ್ಲ.

5/10
ಸುವಾರ್ತೆ ತೆಗೆಯೋಣ. ನಮ್ಮ ಪುಸ್ತಕ ತಾನೇ.

ಯೋಹಾನ 9: ಹುಟ್ಟು ಕುರುಡನೊಬ್ಬನನ್ನ ನೋಡಿ ಶಿಷ್ಯರು ಕೇಳ್ತಾರೆ, ಪಾಪ ಮಾಡಿದ್ದು ಇವನಾ, ಇವನ ಅಪ್ಪ ಅಮ್ಮನಾ? ಯೇಸು ಎರಡನ್ನೂ ತಳ್ಳಿಹಾಕ್ತಾರೆ. ಆದ್ರೂ ನಮ್ಮ ಸಭೆಗಳಲ್ಲಿ ವಿಶೇಷ ಮಗುವಿನ ತಾಯಿಯ ಕಿವಿಗೆ "ಯಾವ ಶಾಪವೋ" ಅನ್ನೋ ಮಾತು ಇನ್ನೂ ಬೀಳತ್ತೆ.

ಮಾರ್ಕ 10: ದಾರಿ ಬದಿ ಕೂತಿದ್ದ ಬಾರ್ತಿಮಾಯ ಕೂಗಿದಾಗ ಸುಮ್ಮನಿರು ಅಂತ ಗದರಿಸಿದವರು ಯಾರು? ಯೇಸುವಿನ ಹಿಂದೆ ಹೋಗ್ತಿದ್ದ ಗುಂಪಿನವರೇ. ಯೇಸು ನಿಂತು ಅವನನ್ನ ಕರೆಸ್ತಾರೆ. ಕರೆಸಿ, ನಿನಗೇನು ಬೇಕು ಅಂತ ಅವನನ್ನೇ ಕೇಳ್ತಾರೆ. ನಾವು ಈ ಪ್ರಶ್ನೆ ಕೇಳೋದೇ ಇಲ್ಲ. ಏನು ಬೇಕು ಅಂತ ನಾವೇ ತೀರ್ಮಾನ ಮಾಡಿ, ಕ್ರಿಸ್ಮಸ್‌ಗೆ ಕೇಕ್ ಹಿಡ್ಕೊಂಡು ಹೋಗ್ತೀವಿ.

ಮಾರ್ಕ 2: ಪಾರ್ಶ್ವವಾಯು ರೋಗಿಯನ್ನ ನಾಲ್ಕು ಜನ ಹೊತ್ತು ತರ್ತಾರೆ. ಬಾಗಿಲಲ್ಲಿ ಜನಸಂದಣಿ, ಜಾಗ ಇಲ್ಲ. ಅವರು ವಾಪಸ್ ಹೋಗಲಿಲ್ಲ. ಚಾವಣಿ ತೆರೆದು ಇಳಿಸಿದ್ರು. ಮನೆ ಹಾಳಾಯ್ತು ಅಂತ ಯೇಸು ಸಿಟ್ಟಾಗಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಆ ನಾಲ್ಕು ಜನರ ನಂಬಿಕೆ.

ಆ ಮನೆಯಲ್ಲಿ ನಮ್ಮ ಶಾಲೆ ಯಾವ ಪಾತ್ರದಲ್ಲಿದೆ? ಹೊತ್ತು ತಂದ ನಾಲ್ವರಲ್ಲಿ ಒಬ್ಬರಾ? ಬಾಗಿಲಿಗೆ ಅಡ್ಡ ನಿಂತು ಪ್ರವಚನ ಕೇಳ್ತಿದ್ದ ಜನಸಂದಣಿಯಾ?

6/10
"ನಮ್ಮವರು ವಿಶೇಷ ಶಾಲೆಗಳನ್ನ ನಡೆಸ್ತಿದ್ದಾರಲ್ಲ" ಅಂತ ಕಾಮೆಂಟ್ ಬರತ್ತೆ, ಗೊತ್ತು. ಹೌದು, ನಡೆಸ್ತಿದ್ದಾರೆ. ಅಲ್ಲಿ ದಿನಾ ಮೈಮುರಿದು ಕೆಲಸ ಮಾಡೋ ಸಿಸ್ಟರ್‌ಗಳ, ಟೀಚರ್‌ಗಳ ಬಗ್ಗೆ ನನಗೆ ಗೌರವ ಇದೆ. ಕೆಲವು ಮಕ್ಕಳಿಗೆ ಅಂಥ ಶಾಲೆ ಬೇಕೇ ಬೇಕು. ಸನ್ನೆ ಭಾಷೆಯಲ್ಲೇ ಕಲಿಯೋ ಕಿವುಡ ಮಗುವಿಗೆ, ಅದೇ ಭಾಷೆ ಮಾತಾಡೋ ಗೆಳೆಯರ ನಡುವೆ ಇರಬೇಕು ಅಂತ ಅಪ್ಪ ಅಮ್ಮ ಬಯಸಿದ್ರೆ ತಪ್ಪೇನು?

ಆದ್ರೆ "ಬಯಸಿದ್ರೆ" ಅನ್ನೋ ಪದ ನೋಡಿ. 2016ರ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಶೇ. 40ಕ್ಕಿಂತ ಕಡಿಮೆ ಇಲ್ಲದ ವೈಕಲ್ಯ ಇರೋ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ಹತ್ತಿರದ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ. ಯಾವುದು ಅಂತ ಆರಿಸೋದು ಮಗುವಿನ ಕಡೆಯವರು. ಹೆಡ್‌ಮಿಸ್ ಅಲ್ಲ.

ಒಂದೇ ಕಾಂಪೌಂಡಿನ ಈ ಕಡೆ ಐಸಿಎಸ್‌ಇ, ಆ ಕಡೆ ವಿಶೇಷ ಶಾಲೆ, ನಡುವೆ ಬೀಗ ಹಾಕಿದ ಗೇಟು. ಹೀಗಿದ್ರೆ ಈ ಕಡೆಯ ಮಕ್ಕಳು ಆ ಕಡೆಯವರನ್ನ ನೋಡೋದು ಡಿಸೆಂಬರ್ 3ರಂದು ಮಾತ್ರ. ಆ ದಿನ ಹಾಡು, ಡ್ಯಾನ್ಸ್, ಫೋಟೋ. 4ನೇ ತಾರೀಕು ಮತ್ತೆ ಬೀಗ.

ಅಕ್ಕ ಈ ಕಡೆ, ತಮ್ಮ ಆ ಕಡೆ ಓದೋ ಮನೆಗಳಿವೆ. ಬೆಳಿಗ್ಗೆ ಒಂದೇ ಆಟೋದಲ್ಲಿ ಬಂದು ಗೇಟಲ್ಲಿ ಬೇರೆಯಾಗ್ತಾರೆ. ಯಾಕೆ ಅಂತ ಆ ಅಕ್ಕನಿಗೆ ನೀವೇ ವಿವರಿಸಿ ನೋಡಿ.

7/10
ಈಗ ನಿಜವಾದ ಕಷ್ಟಕ್ಕೆ ಬರೋಣ. ಟೀಚರ್.

ಒಂದು ಕ್ಲಾಸಲ್ಲಿ ಐವತ್ತು ಮಕ್ಕಳು. ಪೋರ್ಷನ್ ಮುಗಿಸಬೇಕು, ನೋಟ್ಸ್ ತಿದ್ದಬೇಕು. ಅನುದಾನ ಇಲ್ಲದ ಶಾಲೆಯಾದ್ರೆ ಸಂಬಳ ಕೇಳಲೇಬೇಡಿ. ಅವರ ಕ್ಲಾಸಿಗೆ ಒಂದು ದಿನ ಬೆಳಿಗ್ಗೆ ಆಟಿಸಂ ಇರೋ ಮಗುವನ್ನ ತಂದು ಕೂರಿಸಿ "ನೋಡಿಕೊಳ್ಳಿ" ಅಂದ್ರೆ ಅದು ಸಮನ್ವಯ ಶಿಕ್ಷಣ ಅಲ್ಲ. ಮಗುವಿಗೂ ಅನ್ಯಾಯ, ಟೀಚರ್‌ಗೂ ಅನ್ಯಾಯ. ಟೀಚರ್‌ಗಳೇ, ಈ ಪೋಸ್ಟ್ ನಿಮ್ಮ ವಿರುದ್ಧ ಅಲ್ಲ.

ಪ್ರಶ್ನೆ ಮ್ಯಾನೇಜ್‌ಮೆಂಟ್‌ಗೆ. ವಿಶೇಷ ಶಿಕ್ಷಣದಲ್ಲಿ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಶಿಕ್ಷಕರಿದ್ದಾರೆ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಕ್ಷಕರ ಅನುಪಾತವನ್ನೂ ಹೇಳಿದೆ: ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬರು, ಅದಕ್ಕಿಂತ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು. ನಿಮ್ಮ ಶಾಲೆಯಲ್ಲಿ ಎಷ್ಟು ಜನ ಇದ್ದಾರೆ?

"ಒಂದು ಶಾಲೆಗೆ ಒಬ್ಬರನ್ನ ಇಟ್ಟುಕೊಳ್ಳೋಕೆ ಆಗಲ್ಲ" ಅಂತೀರಾ? ಸರಿ. ಇಲ್ಲೇ ನಮಗೆ ಬೇರೆಯವರಿಗಿಲ್ಲದ ಅನುಕೂಲ ಇದೆ. ಒಂಟಿ ಖಾಸಗಿ ಶಾಲೆಗೆ ಮಾಲೀಕ ಒಬ್ಬ. ನಮ್ಮ ಬೆನ್ನಿಗೆ ಧರ್ಮಪ್ರಾಂತ್ಯ ಇದೆ, ಡಯಾಸಿಸ್ ಇದೆ, ಸಿಸ್ಟರ್‌ಗಳ ಸಂಸ್ಥೆಗಳಿವೆ. ಒಂದೇ ಊರಲ್ಲಿ ನಾಲ್ಕು ಶಾಲೆ ಇರೋ ಸಂಸ್ಥೆ ಇಬ್ಬರು ವಿಶೇಷ ಶಿಕ್ಷಕರನ್ನ ನೇಮಿಸಿ, ವಾರದ ದಿನಗಳನ್ನ ಹಂಚಿಕೊಳ್ಳೋಕೆ ಆಗಲ್ವಾ? ಆ ಬೀಗ ಹಾಕಿದ ಗೇಟಿನ ಆಚೆ ಇಪ್ಪತ್ತು ವರ್ಷ ಅನುಭವ ಇರೋ ಟೀಚರ್‌ಗಳಿದ್ದಾರಲ್ಲ, ತಿಂಗಳಿಗೆ ಒಂದು ಶನಿವಾರ ಈ ಕಡೆಯ ಟೀಚರ್‌ಗಳಿಗೆ ಕಲಿಸಿ ಅಂತ ಅವರನ್ನ ಕೇಳಿದ್ದೀರಾ?

8/10
ದುಡ್ಡು.

ಈಗ ಕೆಲವು ಶಾಲೆಗಳು ಹೊಸ ದಾರಿ ಹಿಡಿದಿವೆ. "ಸೇರಿಸಿಕೊಳ್ತೀವಿ, ಆದ್ರೆ ಶ್ಯಾಡೋ ಟೀಚರ್ ನೀವೇ ತರಬೇಕು, ಸಂಬಳ ನೀವೇ ಕೊಡಬೇಕು." ಶ್ಯಾಡೋ ಟೀಚರ್ ಅಂದ್ರೆ ಮಗುವಿನ ಪಕ್ಕದಲ್ಲೇ ಕೂತು ಸಹಾಯ ಮಾಡೋರು. ಪೂರ್ತಿ ಫೀಸು ಕಟ್ಟಿ, ಥೆರಪಿಗೆ ಸುರಿದು, ಅದರ ಮೇಲೆ ಇನ್ನೊಂದು ಸಂಬಳ. ಎಷ್ಟು ಮನೆಯವರಿಗೆ ಸಾಧ್ಯ? ಬಾಗಿಲು ತೆರೆದಿದೆ ಅಂತ ಹೇಳಿ, ಹೊಸ್ತಿಲನ್ನ ಎದೆಮಟ್ಟ ಎತ್ತರಿಸಿದ ಹಾಗಾಯ್ತು.

ಕಾಯ್ದೆ ಅಸಾಧ್ಯವಾದದ್ದನ್ನ ಕೇಳ್ತಿಲ್ಲ. ಸಂಸ್ಥೆಯ ಮೇಲೆ ವಿಪರೀತ ಹೊರೆ ಬೀಳದ ಹಾಗೆ, ಆ ಮಗುವಿಗೆ ಬೇಕಾದ ಬದಲಾವಣೆ ಮಾಡಿ ಅನ್ನತ್ತೆ. ಅದರಲ್ಲಿ ಎಷ್ಟೋ ಬದಲಾವಣೆಗೆ ದುಡ್ಡೇ ಬೇಡ.

ಕಾಲಿಗೆ ತೊಂದರೆ ಇರೋ ಮಗುವಿನ ಕ್ಲಾಸನ್ನ ಮೂರನೇ ಮಹಡಿಯಿಂದ ಕೆಳಗೆ ತನ್ನಿ.
ಕಣ್ಣು ಮಂಜಾದ ಮಗುವಿಗೆ ಪ್ರಶ್ನೆಪತ್ರಿಕೆ ದೊಡ್ಡ ಅಕ್ಷರದಲ್ಲಿ ಕೊಡಿ.
ಕಿವಿ ಮಂದ ಇರೋ ಮಗುವನ್ನ ಮುಂದೆ ಕೂರಿಸಿ, ಬೋರ್ಡ್ ಕಡೆ ತಿರುಗಿಕೊಂಡು ಪಾಠ ಮಾಡಬೇಡಿ.
ಅಸೆಂಬ್ಲಿಯ ಮೈಕ್ ಸದ್ದು ತಡೆಯೋಕಾಗದ ಮಗುವಿಗೆ ಲೈಬ್ರರಿಯಲ್ಲಿ ಕೂರೋಕೆ ಬಿಡಿ.
ಡಿಸ್ಲೆಕ್ಸಿಯಾ ಇರೋ ಮಗುವಿಗೆ ಬಾಯಲ್ಲಿ ಉತ್ತರ ಹೇಳೋಕೆ ಬಿಡಿ.

ಹೆಚ್ಚುವರಿ ಸಮಯ, ಬರಹಗಾರರ ನೆರವು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲೇ ಸಿಗತ್ತೆ. ಬೋರ್ಡ್ ಪರೀಕ್ಷೆಯಲ್ಲೇ ಕೊಡೋದನ್ನ ನಾಲ್ಕನೇ ಕ್ಲಾಸಿನ ಯೂನಿಟ್ ಟೆಸ್ಟಲ್ಲಿ ಕೊಡೋಕೆ ಯಾರಪ್ಪಣೆ ಬೇಕು?

ರ‍್ಯಾಂಪು, ಶೌಚಾಲಯಕ್ಕೆ ದುಡ್ಡು ಬೇಕು, ಒಪ್ಪಿದೆ. ಆದ್ರೆ ಶತಮಾನೋತ್ಸವಕ್ಕೆ ಕಮಾನು ಕಟ್ಟೋಕೆ, ಆಡಿಟೋರಿಯಂಗೆ ಎಸಿ ಹಾಕ್ಸೋಕೆ ಹಳೇ ವಿದ್ಯಾರ್ಥಿಗಳು ಕೊಟ್ಟಿದ್ದಾರೆ. ರ‍್ಯಾಂಪಿಗೆ ಅಂತ ಅವರನ್ನ ಯಾವತ್ತಾದ್ರೂ ಕೇಳಿದ್ದೀರಾ? ಮಾರ್ಕ 2ರಲ್ಲಿ ಚಾವಣಿ ರಿಪೇರಿಯ ಖರ್ಚು ಯಾರು ಕೊಟ್ರು ಅಂತ ಬರೆದಿಲ್ಲ. ಮಂಚದ ಮೇಲಿದ್ದವನ ಹತ್ತಿರ ವಸೂಲಿ ಮಾಡಿದ್ರು ಅಂತಂತೂ ಬರೆದಿಲ್ಲ.

9/10
ಇದು ಅಪ್ಪ ಅಮ್ಮಂದಿರಿಗೆ. ಅಂದ್ರೆ "ನಾರ್ಮಲ್" ಮಕ್ಕಳಿರೋ ನಮಗೆ.

ಮ್ಯಾನೇಜ್‌ಮೆಂಟ್ ಹೆದರೋದು ಸರ್ಕಾರಕ್ಕಿಂತ ನಮಗೇ ಜಾಸ್ತಿ. "ಆ ಮಗು ಕಿರುಚತ್ತೆ, ನಮ್ಮ ಮಗಳಿಗೆ ಡಿಸ್ಟರ್ಬ್ ಆಗತ್ತೆ" ಅಂತ ವಾಟ್ಸಾಪ್ ಗ್ರೂಪಲ್ಲಿ ಶುರು ಮಾಡೋದು ನಾವು. ಹತ್ತು ಜನ ಹೆಬ್ಬೆರಳು ಎತ್ತಿದ ಕೂಡಲೇ ಪ್ರಿನ್ಸಿಪಾಲ್‌ಗೆ ಫೋನ್. ಸಂಜೆ ಹೊತ್ತಿಗೆ ಆ ತಾಯಿಗೆ ಬುಲಾವ್.

ಆ ತಾಯಿಯನ್ನ ಒಂದು ಸಲ ಮಾತಾಡಿಸಿದ್ದೀರಾ? ಮಗು ಯಾಕೆ ಕಿರುಚತ್ತೆ ಅಂತ ಅವರಿಗೆ ಗೊತ್ತಿರತ್ತೆ. ಬೆಲ್ ಸದ್ದಿಗಿರಬಹುದು, ಪಕ್ಕದವರು ಸುಮ್ಮಸುಮ್ಮನೆ ಮುಟ್ಟೋದಕ್ಕಿರಬಹುದು. ಕಾರಣ ಗೊತ್ತಾದ್ರೆ ಅರ್ಧ ಸಮಸ್ಯೆಗೆ ದಾರಿ ಸಿಗತ್ತೆ. ಕಾರಣ ಕೇಳೋ ಮೊದಲೇ ಟಿಸಿ ಬರೆದಿಡಬೇಡಿ.

ಇನ್ನು ನಿಮ್ಮ ಮಗಳ ವಿಷಯ. ಅವಳನ್ನ ಈ ಶಾಲೆಗೆ ಸೇರಿಸುವಾಗ "ಕ್ರಿಶ್ಚಿಯನ್ ಶಾಲೆ, ಒಳ್ಳೇ ಸಂಸ್ಕಾರ ಕಲಿಸ್ತಾರೆ" ಅಂದಿರಿ. ಕೈ ನಡುಗೋ ಗೆಳತಿಗೆ ಡಬ್ಬಿ ಮುಚ್ಚಳ ತೆಗೆದುಕೊಡೋದು, ತೊದಲೋ ಗೆಳೆಯ ಮಾತು ಮುಗಿಸೋ ತನಕ ಕಾಯೋದು, ಆಟದಲ್ಲಿ ಎಲ್ಲರಿಗೂ ಆಗೋ ಹಾಗೆ ನಿಯಮ ಬದಲಿಸೋದು, ಇವೆಲ್ಲ ಮಾರಲ್ ಸೈನ್ಸ್ ಪುಸ್ತಕ ಓದಿ ಬರಲ್ಲ. ಪಕ್ಕದ ಬೆಂಚಲ್ಲಿ ಆ ಗೆಳತಿ, ಆ ಗೆಳೆಯ ಇರಬೇಕು. ಅವರನ್ನ ಹೊರಗೆ ಕಳಿಸಿ ಸಂಸ್ಕಾರ ಕೊಡಿ ಅಂದ್ರೆ ಯಾರು ಕೊಡ್ತಾರೆ?

ಹಾಗಂತ ಆ ಮಕ್ಕಳು ಬರೋದು ನಿಮ್ಮ ಮಕ್ಕಳಿಗೆ ಪಾಠ ಆಗೋಕಲ್ಲ. ಅವರೂ ಬರೋದು ಮಗ್ಗಿ ಕಲಿಯೋಕೆ, ಕಬಡ್ಡಿ ಆಡೋಕೆ, ಜಗಳ ಆಡಿ ರಾಜಿ ಆಗೋಕೆ.

10/10
ಕೊನೇದು. ಲೈಕ್ ಒತ್ತಿ ಮುಂದೆ ಹೋಗಬೇಡಿ. ಕೆಲಸ ಇದೆ.

ಮುಂದಿನ ಪಿಟಿಎ ಮೀಟಿಂಗಲ್ಲಿ, ಇಲ್ಲಾ ಭಾನುವಾರ ಆರಾಧನೆ ಮುಗಿದ ಮೇಲೆ ಶಾಲೆಯ ಕರೆಸ್ಪಾಂಡೆಂಟ್ ಸಿಕ್ಕಾಗ, ಈ ಐದು ಪ್ರಶ್ನೆ ಕೇಳಿ:

ಒಂದು, ನಮ್ಮ ಶಾಲೆಯಲ್ಲಿ ಈಗ ವಿಶೇಷ ಅಗತ್ಯದ ಮಕ್ಕಳು ಎಷ್ಟಿದ್ದಾರೆ?
ಎರಡು, ಕಳೆದ ಅಡ್ಮಿಷನ್‌ನಲ್ಲಿ ಎಷ್ಟು ಜನ ಬಂದು ಕೇಳಿದ್ರು, ಎಷ್ಟು ಜನರನ್ನ ವಾಪಸ್ ಕಳಿಸಿದ್ವಿ?
ಮೂರು, ವಿಶೇಷ ಶಿಕ್ಷಕರು ಯಾರು? ಇಲ್ಲದಿದ್ರೆ ಯಾವಾಗ?
ನಾಲ್ಕು, ಗಾಲಿಕುರ್ಚಿಯಲ್ಲಿ ಬಂದ ಮಗು ಯಾರೂ ಎತ್ತದೇ ಶೌಚಾಲಯಕ್ಕೆ ಹೋಗಬಹುದಾ?
ಐದು, ಎಂಟು ಮತ್ತು ಒಂಬತ್ತನೇ ಕ್ಲಾಸಿನಿಂದ ಟಿಸಿ ತಗೊಂಡು ಹೋದವರು ಯಾರು, ಯಾಕೆ?

ಉತ್ತರ ಬರದಿದ್ರೆ ಮತ್ತೆ ಕೇಳಿ. ಒಬ್ಬರೇ ಕೇಳಿದ್ರೆ ತಲೆಹರಟೆ ಅಂತಾರೆ. ಹತ್ತು ಜನ ಕೇಳಿದ್ರೆ ಅಜೆಂಡಾಕ್ಕೆ ಬರತ್ತೆ.

ಇದನ್ನ ಓದ್ತಿರೋ, ವಾಪಸ್ ಕಳಿಸಿಕೊಂಡ ಅಪ್ಪ ಅಮ್ಮಂದಿರೇ: ಮುಂದಿನ ಸಲ ಅರ್ಜಿಯನ್ನ ಬರೆದು ಕೊಡಿ, ಸ್ವೀಕೃತಿ ಕೇಳಿ. ಇಲ್ಲ ಅಂದ್ರೆ ಕಾರಣವನ್ನೂ ಬರೆದುಕೊಡಿ ಅನ್ನಿ. ಬಾಯಲ್ಲಿ ಸುಲಭವಾಗಿ ಬರೋ "ಫೆಸಿಲಿಟಿ ಇಲ್ಲ" ಅನ್ನೋ ಮಾತು ಲೆಟರ್‌ಹೆಡ್ ಮೇಲೆ ಅಷ್ಟು ಸುಲಭಕ್ಕೆ ಬರಲ್ಲ. ರಾಜ್ಯದಲ್ಲಿ ವಿಕಲಚೇತನರ ಆಯುಕ್ತರಿದ್ದಾರೆ, ಅವರಿಗೆ ದೂರು ಕೊಡಬಹುದು. ಕಾಯ್ದೆ ಉಲ್ಲಂಘಿಸಿದ್ರೆ ಮೊದಲ ಸಲ 10 ಸಾವಿರದವರೆಗೆ, ಮತ್ತೆ ಮಾಡಿದ್ರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ ಅಂತ 89ನೇ ಸೆಕ್ಷನ್ ಹೇಳತ್ತೆ. ನೀವು ಭಿಕ್ಷೆ ಕೇಳ್ತಿಲ್ಲ. ತಲೆ ತಗ್ಗಿಸಬೇಡಿ.

ಫಾದರ್, ಸಿಸ್ಟರ್, ಅಯ್ಯನವರೇ: ದಂಡಕ್ಕೆ ಹೆದರಿ ಮಾಡಿ ಅಂತ ನಿಮಗೆ ಹೇಳೋ ಪರಿಸ್ಥಿತಿ ಬರಬಾರದಿತ್ತು. ಸರ್ಕಾರ ಹೇಳೋಕೆ ಮುಂಚೆ ಮಾಡಿ ತೋರಿಸಿದವರು ನಮ್ಮ ಹಿರಿಯರು. 30ನೇ ವಿಧಿ ನಮ್ಮ ಮನಸ್ಸಿನ ಹಾಗೆ ಶಾಲೆ ನಡೆಸೋ ಸ್ವಾತಂತ್ರ್ಯ ಕೊಟ್ಟಿದೆ. ಆ ಸ್ವಾತಂತ್ರ್ಯದಲ್ಲಿ ನಾವು ಮೊದಲು ಬಿಟ್ಟಿದ್ದು ಯಾರನ್ನ ಅನ್ನೋದರಿಂದಲೇ ನಮ್ಮ ಮನಸ್ಸು ಎಂಥದ್ದು ಅಂತ ಊರಿಗೆ ಗೊತ್ತಾಗ್ತಿದೆ.

ಪ್ರಾರ್ಥನೆ ಮಾಡಿ, ಬೇಡ ಅನ್ನಲ್ಲ. ಅಪ್ಲಿಕೇಶನ್ ಫಾರಂ ಕೊಟ್ಟ ಮೇಲೆ ಮಾಡಿ.

ಸೇವ್ ಮಾಡಿಟ್ಟುಕೊಳ್ಳಿ, ನಿಮ್ಮ ಶಾಲೆಯ ಗ್ರೂಪಿಗೆ ಕಳಿಸಿ. ಐದು ಪ್ರಶ್ನೆಗೆ ಏನು ಉತ್ತರ ಬಂತು ಅಂತ ಕಾಮೆಂಟಲ್ಲಿ ಬರೀರಿ. ಶಾಲೆಯ ಹೆಸರು ಬೇಡ, ಉತ್ತರ ಸಾಕು.

#ಕರುಣೆಬೇಡಬೆಂಚ್‌ಕೊಡಿ #ಸಮನ್ವಯಶಿಕ್ಷಣ #ವಿಶೇಷಮಕ್ಕಳು #ನಮ್ಮಶಾಲೆ #ಕನ್ನಡಕ್ರೈಸ್ತರು